ನಂಜಿಗೆ ನಮ್ಮಲ್ಲೂ ಲೆಕ್ಕವಿರಲಿ

ಅಮೆರಿಕದ ಒಂದು ಆಸ್ಪತ್ರೆಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಮೂತ್ರದ ಸೋಂಕಿನಿಂದ ದಾಖಲಾಗುತ್ತಾರೆ ಎಂದುಕೊಳ್ಳಿ. ಚಳಿಜ್ವರ, ಏದುಸಿರು, ಇಳಿಯುತ್ತಿರುವ ರಕ್ತದೊತ್ತಡ. ಎರಡನೆಯ ದಿನಕ್ಕೆ ಮೂತ್ರಪಿಂಡವೂ ಸೋಲತೊಡಗುತ್ತದೆ. ಚಿಕಿತ್ಸೆ ಫಲಿಸಿ ಅವರು ಮನೆಗೆ ಮರಳುತ್ತಾರೆ. ಅವರ ದಾಖಲೆಗಳು ಚೆನ್ನೈನಲ್ಲಿ ರೋಗದ ಹೆಸರನ್ನು ಬಿಲ್ಲಿನ ಸಂಕೇತಕ್ಕೆ ಇಳಿಸುವ ಕೋಡರ್ ಒಬ್ಬಳ ಕಂಪ್ಯೂಟರಿಗೆ ಬರುತ್ತವೆ. ಆಕೆ ಆ ಚಾರ್ಟನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ವೈದ್ಯರು ಬರೆದದ್ದು ಬರಿಯ ಮೂತ್ರದ ಸೋಂಕು ಎಂದಾದರೆ ಕೋಡ್ ಎನ್39.0. ಇ. ಕೋಲೈ ಬ್ಯಾಕ್ಟೀರಿಯಾದಿಂದ ಸೆಪ್ಸಿಸ್, ಅಂದರೆ ನಂಜು, ಆಗಿತ್ತು ಎಂದಿದ್ದರೆ ಎ41.51 ಮೊದಲು ಬರಬೇಕು. ಅದರಿಂದಲೇ ಮೂತ್ರಪಿಂಡ ಸೋತಿತು ಎಂದಿದ್ದರೆ ಆರ್65.20 ಸೇರುತ್ತದೆ, ಜೊತೆಗೆ ಎನ್17.9. ಬರಿಯ ಮೂತ್ರದ ಸೋಂಕಿಗೆ ಸಿಗುವ ಹಣಕ್ಕಿಂತ ಈ ತೀವ್ರ ಸೆಪ್ಸಿಸ್ಸಿಗೆ ಆಸ್ಪತ್ರೆಗೆ ಸಿಗುವುದು ಎರಡು ಪಟ್ಟಿಗೂ ಹೆಚ್ಚು.

2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಐಸಿಡಿ-10-ಸಿಎಂ ಎಂಬ ರೋಗಗಳ ಸಂಕೇತಾವಳಿ ಜಾರಿಯಲ್ಲಿದೆ. ಅದರ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡ ಸಾವಿರಾರು ಯುವಕ ಯುವತಿಯರು ಚೆನ್ನೈನಲ್ಲಿದ್ದಾರೆ. ಆಕ್ಸೆಸ್ ಹೆಲ್ತ್‌ಕೇರ್, ಎಜಿಎಸ್ ಹೆಲ್ತ್, ಬೆಂಗಳೂರು ಮೂಲದ ಒಮೆಗಾ ಹೆಲ್ತ್‌ಕೇರ್‌ನಂಥ ಕಂಪನಿಗಳಲ್ಲಿ ಫಾರ್ಮಸಿ, ನರ್ಸಿಂಗ್, ಮೈಕ್ರೋಬಯಾಲಜಿ, ಫಿಸಿಯೋಥೆರಪಿ ಓದಿದವರು ಸಿಪಿಸಿ ಇಲ್ಲವೆ ಸಿಸಿಎಸ್ ಎಂಬ ಕೋಡಿಂಗ್ ಪರೀಕ್ಷೆ ಪಾಸು ಮಾಡಿ ಕೂತಿರುತ್ತಾರೆ. ದಿನಕ್ಕೆ ಇಷ್ಟು ಚಾರ್ಟ್ ಎಂಬ ಟಾರ್ಗೆಟ್. ಆಡಿಟ್‌ನಲ್ಲಿ ನೂರಕ್ಕೆ ತೊಂಬತ್ತೈದು ಸರಿಯಿರಬೇಕು. ಬೆಂಗಳೂರಿನಲ್ಲೂ ಇದೇ ಕೆಲಸ ನಡೆಯುತ್ತದೆ. ಬರಿ ಡೇಟಾ ಎಂಟ್ರಿ ಎಂದು ಇದನ್ನು ಹಗುರಾಗಿ ಕಾಣುವವರಿದ್ದಾರೆ. ಒಂದೇ ಒಂದು ಸೆಪ್ಸಿಸ್ ಚಾರ್ಟ್ ಓದಿ ನೋಡಿದರೆ ಆ ಮಾತು ನಿಲ್ಲುತ್ತದೆ.

ಒಂದು ಉದಾಹರಣೆ. ವೈದ್ಯರು 'ಯೂರೋಸೆಪ್ಸಿಸ್' ಎಂದು ಗೀಚಿ ಬಿಟ್ಟರೆ ಕೋಡರ್ ಅದನ್ನು ಸೆಪ್ಸಿಸ್ ಎಂದು ಎಣಿಸುವಂತಿಲ್ಲ. ಆ ಪದಕ್ಕೆ ಕೋಡ್ ಇಲ್ಲ. ವೈದ್ಯರಿಗೆ ಕ್ವೆರಿ ಹೋಗಬೇಕು, ಅವರು ಸ್ಪಷ್ಟವಾಗಿ ಬರೆದುಕೊಡಬೇಕು. ರೋಗ ಯಾವುದೆಂದು ಕೋಡರ್ ಊಹಿಸಬಾರದು. ಈ ಒಂದು ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಅಲ್ಲಿಯ ವ್ಯವಸ್ಥೆಯನ್ನು ಇಡಿಯಾಗಿ ತಂದುಕೊಳ್ಳಬೇಕೆಂದು ನಾನು ಹೇಳಲಾರೆ. ಸೆಪ್ಸಿಸ್ ಎಂದರೇನು ಎಂಬುದರ ಬಗ್ಗೆಯೇ ಅಲ್ಲಿ ಜಗಳವಿದೆ. 1991ರ ಹಳೆಯ ವ್ಯಾಖ್ಯೆಯಂತೆ ಸೋಂಕಿನ ಜೊತೆಗೆ ದೇಹದ ಉಷ್ಣತೆ, ನಾಡಿ, ಉಸಿರಾಟ, ಬಿಳಿ ರಕ್ತಕಣ ಈ ನಾಲ್ಕರಲ್ಲಿ ಎರಡು ಏರುಪೇರಾದರೆ ಸಾಕು. 2016ರ 'ಸೆಪ್ಸಿಸ್-3' ವ್ಯಾಖ್ಯೆ ಅಂಗಾಂಗ ಸೋಲುತ್ತಿರುವುದಕ್ಕೆ ಪುರಾವೆ ಕೇಳುತ್ತದೆ. ಆಸ್ಪತ್ರೆಗಳಿಗೆ ಹಳೆಯದು ಅನುಕೂಲ, ವಿಮಾ ಕಂಪನಿಗಳಿಗೆ ಹೊಸದು. ಯುನೈಟೆಡ್‌ಹೆಲ್ತ್‌ಕೇರ್ 2019ರ ಜನವರಿಯಿಂದ ಹೊಸ ವ್ಯಾಖ್ಯೆಯಿಂದಲೇ ಕ್ಲೇಮುಗಳನ್ನು ಅಳೆಯುವುದಾಗಿ ಪ್ರಕಟಿಸಿತು. ಮಂಜೂರಾಗದ ಬಿಲ್ಲುಗಳನ್ನು ಬೆನ್ನುಹತ್ತುವ ಕೆಲಸವೂ ಚೆನ್ನೈನಲ್ಲೇ ನಡೆಯುತ್ತದೆ. ರೋಗದ ಹೆಸರಿಗೆ ಬೆಲೆ ಕಟ್ಟಿದರೆ ಹೆಸರನ್ನು ಹಿಗ್ಗಿಸುವವರೂ ಕುಗ್ಗಿಸುವವರೂ ಹುಟ್ಟಿಕೊಳ್ಳುತ್ತಾರೆ.

ಈಗ ಇದೇ ಚೆನ್ನೈನ ಇನ್ನೊಂದು ಮುಖ ನೋಡೋಣ. ಸೆಪ್ಸಿಸ್ಸಿನ, ಅದಕ್ಕೆ ಕಾರಣವಾಗುವ ಔಷಧಕ್ಕೆ ಬಗ್ಗದ ಕ್ರಿಮಿಗಳ ಚರಿತ್ರೆಯಲ್ಲಿ ಈ ನಗರಕ್ಕೆ ದೊಡ್ಡ ಪಾತ್ರವಿದೆ. ಕೊನೆಯ ಅಸ್ತ್ರದಂಥ ಆ್ಯಂಟಿಬಯಾಟಿಕ್‌ಗಳನ್ನೂ ಸೋಲಿಸುವ ಎನ್‌ಡಿಎಂ-1 ಜೀನ್ ಭಾರತ, ಪಾಕಿಸ್ತಾನ, ಬ್ರಿಟನ್ನುಗಳಲ್ಲಿ ಹರಡಿರುವುದನ್ನು ತೋರಿಸಿದ 2010ರ ಪ್ರಬಂಧದ ಮೊದಲ ಲೇಖಕ ಮದರಾಸು ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸಾಮಿ. 2012ರಲ್ಲಿ ಡಾ. ಅಬ್ದುಲ್ ಗಫೂರ್ ಅವರ ಮುಂದಾಳುತನದಲ್ಲಿ ವೈದ್ಯ ಸಂಘಟನೆಗಳು ಸೇರಿ 'ಚೆನ್ನೈ ಘೋಷಣೆ' ಹೊರಡಿಸಿದವು. ಆ್ಯಂಟಿಬಯಾಟಿಕ್ ಮಾರಾಟಕ್ಕೆ ಕಡಿವಾಣ, ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣ, ದೇಶವ್ಯಾಪಿ ನಿಗಾ ಬೇಕೆಂದು ಅದು ಕೇಳಿತು.

ನಿಗಾ ಇಡಬೇಕಾದರೆ ಮೊದಲು ಬರೆದಿಡಬೇಕಲ್ಲವೆ? 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2017ರಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ 1.1 ಕೋಟಿ ಜನ ಸತ್ತರೆಂದು ಅಂದಾಜು ಮಾಡಿತು. ಭಾರತದ ಪಾಲು ಸುಮಾರು 29 ಲಕ್ಷ ಸಾವು. ಇದು ಅಂದಾಜೇ ಹೊರತು ಎಣಿಕೆಯಲ್ಲ. ಎಣಿಸಲು ನಮ್ಮಲ್ಲಿ ದಾಖಲೆಯೇ ಸಾಲದು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ನೂರಕ್ಕೆ 22.5 ಮಾತ್ರ. ಪ್ರಮಾಣೀಕರಿಸಿದಲ್ಲೂ 'ಹೃದಯ ಮತ್ತು ಉಸಿರಾಟದ ಸ್ತಂಭನ' ಎಂದು ಬರೆದು ಮುಗಿಸುವ ಅಭ್ಯಾಸ ಹೋಗಿಲ್ಲ. ಸಾಯುವ ಎಲ್ಲರ ಹೃದಯವೂ ನಿಲ್ಲುತ್ತದೆ. ಅದನ್ನು ನಿಲ್ಲಿಸಿದ್ದು ಬಾಣಂತಿಯ ನಂಜೋ, ಮಧುಮೇಹಿಯ ಕಾಲಿನ ಹುಣ್ಣೋ, ಐಸಿಯುನಲ್ಲೇ ಅಂಟಿದ ಸೋಂಕೋ ಎಂಬುದು ಆ ಕಾಗದದಲ್ಲಿ ಉಳಿಯಬೇಕು.

ಬಿಲ್ಲಿನ ದಾರಿಯೂ ಇದಕ್ಕೆ ನೆರವಾಗುವುದಿಲ್ಲ. ಆಯುಷ್ಮಾನ್ ಭಾರತ್ 2018ರಲ್ಲಿ ಶುರುವಾದಾಗ ಇಂಥ ಕಾಯಿಲೆಗಳಿಗೆ ದಿನದ ಲೆಕ್ಕದಲ್ಲಿ ದರ ಇಟ್ಟಿತು: ಸಾಮಾನ್ಯ ವಾರ್ಡಿಗೆ 1,800 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 4,500. ಮುಂದೆ ದರಗಳು ಏರಿದವು. ಹಣ ಹಾಸಿಗೆಗೆ ಬರುವಾಗ ಕ್ರಿಮಿಯ ಹೆಸರು ಬರೆಯುವ ತುರ್ತು ಯಾರಿಗೂ ಇರುವುದಿಲ್ಲ. ಖಾಸಗಿ ವಿಮೆಯ ಕ್ಲೇಮ್ ಫಾರಂನಲ್ಲಿ ಆಸ್ಪತ್ರೆ ತುಂಬಬೇಕಾದ ಭಾಗದಲ್ಲಿ ಐಸಿಡಿ-10 ಕೋಡಿಗೆಂದೇ ಕಾಲಂ ಇದೆ. ಕೋಡಿಂಗ್ ಕಲಿತವರು ಅದನ್ನು ತುಂಬಿದ್ದರೆ ಎಷ್ಟು ಉಪಯುಕ್ತ ಮಾಹಿತಿ ಕೂಡಿಬರುತ್ತಿತ್ತು!

2017ರ ವಿಶ್ವ ಆರೋಗ್ಯ ಸಭೆ ಸೆಪ್ಸಿಸ್ ಕುರಿತು ನಿರ್ಣಯ ಮಾಡಿದಾಗ, ಈ ರೋಗದ ಪ್ರಮಾಣ ತಿಳಿಯಲು ಐಸಿಡಿಯನ್ನು ಸರಿಯಾಗಿ ಬಳಸಿರೆಂದು ಸದಸ್ಯ ದೇಶಗಳಿಗೆ ಹೇಳಿತ್ತು. ಅದಕ್ಕೆ ಬೇಕಾದ ಜನರನ್ನು ನಾವು ಹೊರಗೆ ಹುಡುಕಬೇಕಿಲ್ಲ. ತಮಿಳುನಾಡು ಮತ್ತು ಕರ್ನಾಟಕ ಸರ್ಕಾರಗಳು ಮೊದಲಿಗೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ದಾಖಲೆ ವಿಭಾಗಕ್ಕಾದರೂ ತರಬೇತಿ ಪಡೆದ ಕೋಡರ್‌ಗಳನ್ನು ನೇಮಿಸಲಿ. ವೈದ್ಯರಿಗೆ ಬರೆಯಲು ಪುರುಸೊತ್ತಿಲ್ಲ ಎಂಬುದು ಸುಳ್ಳಲ್ಲ, ನಮ್ಮ ವಾರ್ಡುಗಳ ನೂಕುನುಗ್ಗಲು ಕಂಡವರಿಗೆ ಅದು ಗೊತ್ತು. ಅದಕ್ಕೇ ಕೇಳಿ ಬರೆಸಿಕೊಳ್ಳುವವರು ಬೇಕು. ಮತ್ತು ಈ ಕೋಡನ್ನು ಹಣಕ್ಕೆ ಕಟ್ಟಬಾರದು. ಇದು ರೋಗದ ಲೆಕ್ಕಕ್ಕಾಗಿ ಇರಲಿ, ಬಿಲ್ಲು ಹಿಗ್ಗಿಸುವ ಹಾದಿಯಾಗದಿರಲಿ.

ಸರ್ಕಾರ ಕೇಳುವವರೆಗೆ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮನೆಯವರು 'ಇನ್ಫೆಕ್ಷನ್ ರಕ್ತಕ್ಕೆ ಹರಡಿದೆ' ಎಂಬ ಮಾತು ಕೇಳಿ ಐಸಿಯು ಸೇರಿದ್ದರೆ, ಬಿಡುಗಡೆಯ ದಿನ ಬಿಲ್ಲಿನ ಜೊತೆ ಡಿಸ್ಚಾರ್ಜ್ ಸಮ್ಮರಿಯನ್ನೂ ಓದಿ. ಬ್ಲಡ್ ಕಲ್ಚರ್ ಮಾಡಿದರೇ, ಯಾವ ಕ್ರಿಮಿ ಸಿಕ್ಕಿತು, ಅದು ಯಾವ ಔಷಧಕ್ಕೆ ಬಗ್ಗಲಿಲ್ಲ ಎಂಬುದು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ. ಮುಂದಿನ ಸಲ ಜ್ವರ ಬಂದಾಗ ಆ ಕಾಗದವೇ ವೈದ್ಯರಿಗೆ ದಾರಿ ತೋರಿಸುತ್ತದೆ. ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ.