ತರಕಾರಿ ಮಾರೋಣ, ಕ್ಯಾನ್ಸರ್ ಔಷಧಿ ಮಾರೋದು ಬೇಡ

ಎರಡು ವರ್ಷದ ಹಿಂದಿನ ಮಾತು. ಭಾನುವಾರದ ಸಾವಯವ ಸಂತೆಯಲ್ಲಿ ನನ್ನ ಮಳಿಗೆ ಮುಂದೆ ಒಂದು ಬೋರ್ಡ್ ಇಟ್ಟಿದ್ದೆ. 'ವಿಷಮುಕ್ತ ತರಕಾರಿ, ಕ್ಯಾನ್ಸರ್‌ನಿಂದ ರಕ್ಷಣೆ' ಅಂತ ಹಸಿರು ಬಣ್ಣದಲ್ಲಿ ಬರೆಸಿದ್ದು. ಪಕ್ಕದಲ್ಲೇ ಲಕ್ಷ್ಮಣಫಲದ ಸಸಿಗಳು. ನಮ್ಮ ಕಡೆ ಈಗ ಅದಕ್ಕೆ 'ಕ್ಯಾನ್ಸರ್ ಗಿಡ' ಅಂತಲೇ ಹೆಸರು. ಕೇಳಿದಷ್ಟು ಕೊಟ್ಟು ಒಯ್ಯುತ್ತಾರೆ.

ಅವತ್ತು, ಪ್ರತಿ ವಾರ ಸೊಪ್ಪು ಕೊಳ್ಳುವ ಅಕ್ಕ ಒಬ್ಬರು ಬಂದು, ಸಸಿ ಬೇಡ, ತೋಟದ ಮರದ ಎಲೆ ತಂದ್ಕೊಡ್ತೀಯೇನಮ್ಮ ಅಂದರು. ಯಾರಿಗೆ ಅಕ್ಕ ಅಂದೆ. ಸ್ವಲ್ಪ ಹತ್ತಿರ ಬಂದು, "ನಂಗೇ. ಎದೇಲಿ ಒಂದು ಗಂಟಾಗಿದೆ. ನೋವೇನಿಲ್ಲ. ಐದು ತಿಂಗಳಾಯ್ತು. ನಿನ್ನ ತರಕಾರೀನೇ ತಿಂತಿದೀನಲ್ಲ, ಕರಗತ್ತೆ ಅಂದ್ಕೊಂಡಿದ್ದೆ" ಅಂದರು.

ಮಾರನೇ ದಿನ ಅವರ ಜೊತೆ ಆಸ್ಪತ್ರೆಗೆ ಹೋದೆ. ಸ್ತನ ಕ್ಯಾನ್ಸರ್ ಅಂತ ಖಚಿತವಾಯಿತು. ಅಷ್ಟರಲ್ಲಿ ಕಂಕುಳಿನ ಗ್ರಂಥಿಗೂ ಹರಡಿತ್ತು. ಆ ಐದು ತಿಂಗಳಲ್ಲಿ ನನ್ನ ಬೋರ್ಡಿನ ಪಾಲೂ ಇದೆ ಅನ್ನೋದನ್ನ ನಾನು ಇವತ್ತಿಗೂ ಅಲ್ಲಗಳೆಯೋಕೆ ಆಗಲ್ಲ. ಅದಕ್ಕೇ ಈ ಲೇಖನ.

ಆಹಾರಕ್ಕೂ ಸ್ತನ ಕ್ಯಾನ್ಸರ್‌ಗೂ ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ಆದರೆ ನಾವು ಮಾರಾಟಕ್ಕೆ ಬಳಸುವಷ್ಟು ದೊಡ್ಡದಲ್ಲ, ನಾವು ಹೇಳುವ ರೀತಿಯದ್ದೂ ಅಲ್ಲ.

ಬಲವಾದ ಪುರಾವೆ ಇರುವುದು ಎರಡು ವಿಷಯಕ್ಕೆ. ಮೊದಲನೆಯದು ಮದ್ಯ. ದಿನಕ್ಕೆ 10 ಗ್ರಾಂ ಆಲ್ಕೋಹಾಲ್ ಕುಡಿದರೂ, ಅಂದರೆ ಹೆಚ್ಚುಕಮ್ಮಿ ಒಂದು ಸಣ್ಣ ಗ್ಲಾಸ್ ವೈನ್, ಅಪಾಯ ಸುಮಾರು ಶೇ. 7ರಷ್ಟು ಏರುತ್ತದೆ. ಎರಡನೆಯದು ಮುಟ್ಟು ನಿಂತ ಮೇಲಿನ ಮೈತೂಕ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆ ಈಸ್ಟ್ರೋಜನ್ ತಯಾರಾಗುವುದು ಹೆಚ್ಚಾಗಿ ದೇಹದ ಕೊಬ್ಬಿನಲ್ಲೇ. ಕೊಬ್ಬು ಹೆಚ್ಚಿದಷ್ಟೂ ಈಸ್ಟ್ರೋಜನ್ ಹೆಚ್ಚು. ಹಲವು ಬಗೆಯ ಸ್ತನ ಗಡ್ಡೆಗಳು ಬೆಳೆಯುವುದು ಆ ಹಾರ್ಮೋನಿನ ಬಲದಿಂದಲೇ.

ಸೊಪ್ಪು, ತರಕಾರಿ, ನಾರಿನಂಶದ ಲಾಭ ಇದಕ್ಕಿಂತ ಸಣ್ಣದು. ನಾರಿನಂಶದ ಬಗ್ಗೆ ನಡೆದ 20 ಅಧ್ಯಯನಗಳನ್ನು 2020ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಅತಿ ಹೆಚ್ಚು ನಾರು ತಿನ್ನುವವರಲ್ಲಿ ಸ್ತನ ಕ್ಯಾನ್ಸರ್ ಶೇ. 8ರಷ್ಟು ಕಡಿಮೆ ಕಂಡಿತು. ಒಳ್ಳೆಯದೇ, ಆದರೆ ರಕ್ಷಾಕವಚ ಅಲ್ಲ. ಇನ್ನು ಸೋಯಾ ತಿಂದರೆ ಕ್ಯಾನ್ಸರ್ ಬರುತ್ತೆ ಅನ್ನೋ ಭಯವೂ ನಮ್ಮಲ್ಲಿದೆ. ಏಷ್ಯಾದ ಅಧ್ಯಯನಗಳಲ್ಲಿ ಸೋಯಾ ತಿನ್ನುವವರಿಗೆ ಅಪಾಯ ಹೆಚ್ಚಿಲ್ಲ, ಕೆಲವು ಕಡೆ ಕಡಿಮೆಯೇ ಕಂಡಿದೆ. ಬೀದರ್, ಧಾರವಾಡದ ಸೋಯಾ ಬೆಳೆಗಾರರು ಮನೆಯಲ್ಲೂ ಧೈರ್ಯವಾಗಿ ತಿನ್ನಬಹುದು.

ಹಾಗಾದರೆ ಸಾವಯವ? ಬ್ರಿಟನ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು 9 ವರ್ಷ ಗಮನಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಯವ ತಿನ್ನುವವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಇರಲಿಲ್ಲ. 2018ರಲ್ಲಿ ಫ್ರಾನ್ಸ್‌ನ ಸುಮಾರು 69 ಸಾವಿರ ಜನರ ಅಧ್ಯಯನ ಉಲ್ಟಾ ಹೇಳಿತು: ಹೆಚ್ಚು ಸಾವಯವ ತಿನ್ನುವವರಲ್ಲಿ ಒಟ್ಟಾರೆ ಕ್ಯಾನ್ಸರ್ ಶೇ. 25ರಷ್ಟು ಕಡಿಮೆ. ಆದರೆ ಅಲ್ಲಿ ಸಾವಯವ ಕೊಳ್ಳುವವರು ಹೆಚ್ಚು ಓದಿದವರು, ಹೆಚ್ಚು ತರಕಾರಿ ತಿನ್ನುವವರೂ ಆಗಿದ್ದರು. ಲಾಭ ಯಾವುದರಿಂದ ಬಂತು ಅಂತ ಬಿಡಿಸಿ ಹೇಳೋದು ಕಷ್ಟ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಬೋರ್ಡಿಗೆ ಹಾಕುವುದು ವ್ಯಾಪಾರ ಆಗಬಹುದು, ನ್ಯಾಯ ಆಗಲ್ಲ.

ಲಕ್ಷ್ಮಣಫಲದ ಕಥೆ ಇನ್ನೂ ಕೆಟ್ಟದು. ಅದರ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ, ನಿಜ. ತಟ್ಟೆಯಲ್ಲಿ ಕೋಶ ಕೊಲ್ಲುವ ವಸ್ತುಗಳು ಬೇಕಾದಷ್ಟಿವೆ. ಮನುಷ್ಯರಲ್ಲಿ ಕ್ಯಾನ್ಸರ್ ಗುಣ ಮಾಡುತ್ತದೆ ಅಂತ ಸಾಬೀತಾಗಿಲ್ಲ. ಮೇಲಾಗಿ ಕೆರಿಬಿಯನ್‌ನ ಗ್ವಾಡೆಲೋಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆಯ ಕಷಾಯವನ್ನು ರೂಢಿಯಾಗಿ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನರರೋಗ ಹೆಚ್ಚು ಕಂಡಿತೆಂದು 1999ರಲ್ಲೇ ವರದಿಯಾಗಿದೆ. ಅದರಲ್ಲಿರುವ ಅನೋನಾಸಿನ್ ಎಂಬ ಅಂಶದ ಮೇಲೆ ಸಂಶಯವಿದೆ. ಅಪರೂಪಕ್ಕೆ ಹಣ್ಣು ತಿನ್ನುವುದು ಬೇರೆ, ದಿನಾ ಎಲೆ ಕುದಿಸಿ ಕುಡಿಯುವುದು ಬೇರೆ. ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಪವಾಡ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ ಅನ್ನೋದೂ ನೆನಪಿರಲಿ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೆಣ್ಣಾಗಿರುವುದು ಮತ್ತು ವಯಸ್ಸು ಬಿಟ್ಟರೆ ಬೇರೆ ಯಾವ ಅಪಾಯದ ಕಾರಣವೂ ಇರುವುದಿಲ್ಲ. ಚೆನ್ನಾಗಿ ತಿಂದು, ದುಡಿದು ಬದುಕಿದವರಿಗೂ ಬರುತ್ತದೆ. 'ತಿಂದಿದ್ದೇ ಸರಿ ಇರಲಿಲ್ಲ' ಅಂತ ಕಾಯಿಲೆ ಬಂದವರನ್ನೇ ದೂರುವ ಚಾಳಿ ಬಿಡೋಣ.

ಜೀವ ಉಳಿಸುವುದು ಬೇಗ ಪತ್ತೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದ್ದು 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು, ಅಷ್ಟೇ. 50 ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ನಮ್ಮೂರಿನ ಆಶಾ ಕಾರ್ಯಕರ್ತೆ 30 ದಾಟಿದವರಿಗೆ ತುಂಬಿಸುವ ಫಾರಂನಲ್ಲೂ ಎದೆಯ ಗಂಟಿನ ಬಗ್ಗೆ ಪ್ರಶ್ನೆ ಇದೆ. ನಾಚಿಕೊಂಡು 'ಇಲ್ಲ' ಅನ್ನಬೇಡಿ. ಗಂಟು ನೋಯದಿದ್ದರೆ ಸುಮ್ಮನಿರಬೇಡಿ. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ಬೆಳೆಗಾರರಾಗಿ ನಮ್ಮ ಕೆಲಸ ಏನು? ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಹೇಳುತ್ತದೆ, ಅದರಲ್ಲಿ 100 ಗ್ರಾಂ ಸೊಪ್ಪು. ತರಕಾರಿ ಬೆಳೆಯುವ ಮನೆಯಲ್ಲೇ, ಎಲ್ಲರೂ ಉಂಡ ಮೇಲೆ ಉಳಿದ ಸಾರಿನಲ್ಲಿ ಊಟ ಮುಗಿಸುವ ಹೆಂಗಸರಿಗೆ ಅದರಲ್ಲಿ ಎಷ್ಟು ಸಿಗುತ್ತಿದೆ ನೋಡಿ. ಸಂತೆಗೆ ಹೋಗುವ ಮೊದಲು ಒಂದು ಕಟ್ಟು ದಂಟು, ಒಂದು ಕಟ್ಟು ನುಗ್ಗೆಸೊಪ್ಪು ಅಡುಗೆಮನೆಗೆ ಎತ್ತಿಡಿ. ಸಾವಯವಕ್ಕೆ ಬೇರೆ ಗಟ್ಟಿ ಕಾರಣಗಳಿವೆ: ಸಿಂಪಡಿಸುವವರ ಮೈಗೆ ವಿಷ ತಗಲುವುದಿಲ್ಲ, ಮಣ್ಣು ಬದುಕುತ್ತದೆ, ಜೇನು ಉಳಿಯುತ್ತದೆ. ಅವನ್ನು ಹೇಳಿ ಮಾರೋಣ.

ಆ ಅಕ್ಕನಿಗೆ ಕೀಮೋ, ಶಸ್ತ್ರಚಿಕಿತ್ಸೆ ಎರಡೂ ಆಗಿ ಈಗ ಮಾತ್ರೆ ನಡೆದಿದೆ. ಮತ್ತೆ ಸಂತೆಗೆ ಬರ್ತಾರೆ, ಸೊಪ್ಪು ಆರಿಸುವಾಗ ಮೊದಲಿನಷ್ಟೇ ಚೌಕಾಸಿ. ನನ್ನ ಬೋರ್ಡ್ ಬದಲಾಗಿದೆ. 'ವಿಷ ಸಿಂಪಡಿಸಿಲ್ಲ. ನಿನ್ನೆ ಸಂಜೆ ಕೊಯ್ದದ್ದು.' ಇಷ್ಟೇ ಬರೆದಿದ್ದೇನೆ. ವ್ಯಾಪಾರ ಏನೂ ಕಡಿಮೆ ಆಗಿಲ್ಲ.