ಆಕಾಶಕ್ಕೂ ಅಡ್ವಾನ್ಸ್ ಕೊಡಿಸಿ ಸ್ವಾಮಿ!

ಭಾನುವಾರ ಬಂತೆಂದರೆ ಅಬಿಡ್ಸ್‌ನಲ್ಲಿ ಫುಟ್‌ಪಾತ್ ತುಂಬ ಹಳೇ ಪುಸ್ತಕ. ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಆ ಚಟ ನನಗೆ ಬಿಟ್ಟಿಲ್ಲ. ಮೊನ್ನೆ ಜೊತೆಗಿದ್ದ ಕನ್ನಡದ ಗೆಳೆಯರೊಬ್ಬರು, "ನೋಡ್ರೀ, ಇಲ್ಲಿ ರದ್ದಿಯೂ ದುಡ್ಡಾಗುತ್ತೆ. ಮೇಲೆ ಸುತ್ತೋ ಸಾವಿರಾರು ಟನ್ ಗುಜರಿಯನ್ನೂ ಹೀಗೇ ಹೆಕ್ಕಿ ಮಾರಬಹುದಲ್ಲ?" ಅಂದರು. ನಾನು ಬಿ.ಕಾಂ. ಓದಿದವನು, ರಾಕೆಟ್ ನನ್ನ ವಿಷಯವಲ್ಲ. ಆದರೆ ಸಾಲದ ಅರ್ಜಿ ಓದೋದು ಗೊತ್ತು. ಈ ಅರ್ಜಿಗಂತೂ ನಾನು ಸಹಿ ಹಾಕೊಲ್ಲ!

ಯಾಕೆ ಅಂತೀರಾ? ಅಬಿಡ್ಸ್‌ನ ರದ್ದಿ ಒಂದು ಕಡೆ ಬಂದು ಸೇರುತ್ತೆ. ಮೇಲಿನದು ದಿಕ್ಕಿಗೊಂದರಂತೆ, ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತೆ. ಕಕ್ಷೆಯ ಓರೆಯನ್ನು 60 ಡಿಗ್ರಿ ತಿರುಗಿಸಬೇಕೆಂದರೆ, ಆ ಓಟದ ವೇಗದಷ್ಟನ್ನೇ ಮತ್ತೊಮ್ಮೆ ಇಂಧನ ಸುಟ್ಟು ಗಳಿಸಬೇಕು. ಅಂದರೆ ಹೆಚ್ಚುಕಮ್ಮಿ ಒಂದೊಂದು ಸಾಮಾನಿಗೂ ಒಂದೊಂದು ಲಾರಿ. ಯುರೋಪಿನವರು ನೂರು ಚಿಲ್ಲರೆ ಕಿಲೋದ ಒಂದೇ ಒಂದು ತುಂಡನ್ನು ಇಳಿಸಲು 2020ರಲ್ಲಿ 8.6 ಕೋಟಿ ಯೂರೋ ಗುತ್ತಿಗೆ ಕೊಟ್ಟರು. 2023ರಲ್ಲಿ ಆ ತುಂಡಿಗೇ ಇನ್ನೇನೋ ಬಡಿದು ಸುತ್ತ ಹೊಸ ಚೂರುಗಳು ಕಂಡವು. ಕೊನೆಗೆ ಗುರಿಯನ್ನೇ ಬದಲಾಯಿಸಿದರು! ಸಾಲದ್ದಕ್ಕೆ, 1967ರ ಒಪ್ಪಂದದಂತೆ ಮೇಲೆ ಹೋದ ವಸ್ತುವಿನ ಒಡೆತನ ಬದಲಾಗದು. ಕಸವೂ ಕಂಡವರ ಸ್ವತ್ತಲ್ಲ.

ಹಾಗಾದರೆ ಮರುಬಳಕೆ ಬರೀ ಮಾತೇ? ಅಲ್ಲ. ಕಸವಾಗುವ ಮುಂಚೆ ಮಾಡಬೇಕು ಅಷ್ಟೆ. 2001ರಲ್ಲಿ ನಮ್ಮದೇ ಪಿಎಸ್‌ಎಲ್‌ವಿ-ಸಿ3ರ ನಾಲ್ಕನೇ ಹಂತ ಮೇಲೆ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಅದೇ ನಾಲ್ಕನೇ ಹಂತವನ್ನು ಇಸ್ರೋ ಆಮೇಲೆ 'ಪೋಯಮ್' ಎಂಬ ಪ್ರಯೋಗಶಾಲೆಯಾಗಿ ಮಾಡಿಕೊಂಡಿತು. 2024ರ ಡಿಸೆಂಬರ್ 30ರಂದು ಹೋದ ಪೋಯಮ್-4ರಲ್ಲಿ 24 ಉಪಕರಣಗಳು. ಅಲಸಂದೆ ಬೀಜ ಮೊಳಕೆಯೊಡೆದದ್ದು ಅಲ್ಲೇ. ಉಪಗ್ರಹಗಳನ್ನು ಬಿಟ್ಟ ಮೇಲೆ ಅದನ್ನು 350 ಕಿ.ಮೀ. ಎತ್ತರಕ್ಕೆ ಇಳಿಸಿ, ಉಳಿದ ಇಂಧನವನ್ನೂ ಹೊರಬಿಟ್ಟಿದ್ದರು. 2025ರ ಏಪ್ರಿಲ್ 4ರಂದು ಹಿಂದೂ ಮಹಾಸಾಗರದ ಕಡೆ ಇಳಿದು ಲೆಕ್ಕ ಚುಕ್ತಾ!

ಇಂಥ ಶಿಸ್ತು ಎಲ್ಲರಿಗೂ ಬರಬೇಕಾದರೆ ಜೇಬಿಗೆ ಕೈ ಹಾಕಬೇಕು. 2023ರಲ್ಲಿ ಅಮೆರಿಕ ಡಿಶ್ ಕಂಪನಿಗೆ, ಮುದಿ ಉಪಗ್ರಹವನ್ನು ಒಪ್ಪಿದಷ್ಟು ಎತ್ತರಕ್ಕೆ ಒಯ್ಯಲಿಲ್ಲವೆಂದು ದಂಡ ಹಾಕಿತು. ಎಷ್ಟು? ಒಂದೂವರೆ ಲಕ್ಷ ಡಾಲರ್. ಒಂದು ತುಂಡು ಇಳಿಸೋ ಗುತ್ತಿಗೆಯ ಮುಂದೆ ಇದು ಚಹಾ ಖರ್ಚು! 2030ರೊಳಗೆ ಭಾರತದ ಉಡಾವಣೆಗಳೆಲ್ಲ ಕಸರಹಿತ ಎಂದು ಇಸ್ರೋ ಗುರಿ ಇಟ್ಟುಕೊಂಡಿದೆ, ಸಂತೋಷ. ಆದರೆ ಡಿಪಾಸಿಟ್ ಇಲ್ಲದ ಮಾತಿನ ಬೆಲೆ ಬ್ಯಾಂಕಿನವನಿಗೆ ಗೊತ್ತು.

ಊರು ಬಿಟ್ಟು ಬಂದ ನಾವೆಲ್ಲ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟವರೇ ತಾನೆ? ಖಾಲಿ ಮಾಡುವಾಗ ಗೋಡೆಯ ಮೊಳೆಗೂ ಲೆಕ್ಕ ಹಿಡಿಸಿಕೊಂಡವರು. ಆಕಾಶಕ್ಕೆ ಹೋಗುವವನೂ ಮೊದಲೇ ಅಡ್ವಾನ್ಸ್ ಕಟ್ಟಲಿ. ಚೊಕ್ಕಟವಾಗಿ ಇಳಿದರೆ ವಾಪಸ್, ಇಲ್ಲದಿದ್ದರೆ ಆ ದುಡ್ಡು ಕಸ ತೆಗೆಯೋಕೆ. ಹಳೇ ಕಸವನ್ನು ಸರ್ಕಾರಗಳೇ ಸೇರಿ ತೆಗೆಯಲಿ, ಲಾಭದ ಕನಸು ಬಿಟ್ಟು. ನಮ್ಮ ಹೈದರಾಬಾದಿನ ಹೊಸ ರಾಕೆಟ್ ಕಂಪನಿಗಳಿಗೆ ಹೊರೆಯಾಗುತ್ತೆ ಅಂತೀರಾ? ಬ್ಯಾಂಕ್ ಗ್ಯಾರಂಟಿ ಕೊಡಲಿ, ಅದಕ್ಕೇ ತಾನೆ ನಾವಿರೋದು!

ಗೆಳೆಯರು ಉತ್ತರ ಕೊಡಲಿಲ್ಲ, ಇರಾನಿ ಚಹಾ ಕೊಡಿಸಿದರು. ನೀವೇನಂತೀರಿ?