ಸೋಲಾರ್ ಹಾಕಿಸಿದವರ ಕಂದಾಯ ಇಳಿಸಿ

ಬೆಂಗಳೂರಿನ ಮನೆ ಮಾಲೀಕರೇ, ಬಾಡಿಗೆದಾರರೇ,

ಮಹಡಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಉಂಟು. ಆದರೆ ಅದು ತಿಂಗಳಿಗೆ 50 ರೂಪಾಯಿ ದಾಟುವಂತಿಲ್ಲ. ಇವತ್ತು ಆ ಹಣಕ್ಕೆ ಒಂದು ಮಸಾಲೆ ದೋಸೆ ಸಿಕ್ಕರೆ ಪುಣ್ಯ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗೆ ಅದೂ ಇಲ್ಲ. ಸೊನ್ನೆಯಲ್ಲಿ ಕಳೆಯುವುದೇನನ್ನು?

ನೀರು ಕಾಯಿಸುವುದು ಸಣ್ಣ ಖರ್ಚಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ತಣ್ಣೀರನ್ನು ಸ್ನಾನದ ಹದಕ್ಕೆ ತರಲು ಗೀಸರ್ ಅರ್ಧ ಯೂನಿಟ್ಟಿಗಿಂತ ಹೆಚ್ಚು ಎಳೆಯುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಎಪ್ಪತ್ತು ಯೂನಿಟ್ಟಿನ ಆಸುಪಾಸು. ಅದೂ ಬೆಳಿಗ್ಗೆ ಊರಿಗೆ ಊರೇ ಗೀಸರ್ ಹಾಕುವ ಹೊತ್ತಿನಲ್ಲಿ.

ಹಾಗಾದರೆ ಎಲ್ಲರೂ ಸೋಲಾರ್ ಯಾಕೆ ಹಾಕಿಸುವುದಿಲ್ಲ? ನಮ್ಮ ಊರು ಬಾಡಿಗೆ ಮನೆಗಳ ಊರು. ಸೋಲಾರಿಗೆ ದುಡ್ಡು ಹಾಕಬೇಕಾದವರು ಓನರ್, ಬಿಲ್ ಉಳಿಯುವುದು ಬಾಡಿಗೆಯವರಿಗೆ. ಕೆಳಗಿನ ಮನೆಯವರ ಬಿಸಿನೀರಿಗೆ ತಾನೇಕೆ ಸಾವಿರಾರು ರೂಪಾಯಿ ಸುರಿಯಬೇಕು ಎಂದು ಓನರ್ ಕೇಳಿದರೆ ಅದು ಜಿಪುಣತನವಲ್ಲ, ಲೆಕ್ಕ. ಹೊಸ ಮನೆಗೆ ಸೋಲಾರ್ ಕಡ್ಡಾಯ ಎಂಬ ನಿಯಮ ಇದ್ದೂ ಎಷ್ಟೋ ಕಡೆ ಅದು ಮೀಟರ್ ಬರುವವರೆಗಿನ ಶಾಸ್ತ್ರ. ಆಮೇಲೆ ಬೋರ್‌ವೆಲ್‌ನ ಗಡಸು ನೀರಿಗೆ ಒಳಗೆಲ್ಲ ಸುಣ್ಣ ಕಟ್ಟಿಕೊಂಡರೂ ಕೇಳುವವರಿಲ್ಲ.

ಓನರ್ ಕೈಯಿಂದಲೇ ಹೋಗುವ ಹಣ ಆಸ್ತಿ ತೆರಿಗೆ. ರಿಯಾಯಿತಿ ಅಲ್ಲಿ ಸಿಗಬೇಕು. ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ಕಂದಾಯ ಹೆಚ್ಚು, ಆದ್ದರಿಂದ ರಿಯಾಯಿತಿಯೂ ಹೆಚ್ಚು ಬೇಕಾದ ಕಡೆಗೇ ಹೆಚ್ಚು ಹೋಗುತ್ತದೆ. ಪುಣೆ ಮಹಾನಗರ ಪಾಲಿಕೆ ಈ ದಾರಿ ಹಿಡಿದಿದೆ: ಸೋಲಾರ್, ಮಳೆನೀರು ಸಂಗ್ರಹ, ಎರೆಗೊಬ್ಬರ ಇವುಗಳಲ್ಲಿ ಒಂದಿದ್ದರೆ ಸಾಮಾನ್ಯ ತೆರಿಗೆಯಲ್ಲಿ ಶೇ 5, ಎರಡಿದ್ದರೆ ಶೇ 10 ಕಡಿತ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದವರಿಗೆ ಶೇ 5 ಬಿಡುವ ಪದ್ಧತಿ ಹಳೆಯದು. ಬೇಗ ಕಟ್ಟಿದ್ದಕ್ಕೆ ಬಿಡಬಹುದಾದರೆ ಕರೆಂಟ್ ಉಳಿಸಿದ್ದಕ್ಕೆ ಯಾಕಾಗದು?

ನಾವು ಕೇಳುವುದು ಇಷ್ಟು: ಕೆಲಸ ಮಾಡುತ್ತಿರುವ ಸೋಲಾರ್ ಇರುವ ಕಟ್ಟಡಕ್ಕೆ ಐದು ವರ್ಷ ಆಸ್ತಿ ತೆರಿಗೆಯಲ್ಲಿ ಶೇ 10 ರಿಯಾಯಿತಿ. ತುಕ್ಕು ಹಿಡಿದ ಟ್ಯಾಂಕಿಗಲ್ಲ. ಕಂದಾಯವನ್ನು ನಾವೇ ಘೋಷಿಸಿ ಕಟ್ಟುತ್ತೇವೆ, ಸೋಲಾರನ್ನೂ ಹಾಗೆಯೇ ಘೋಷಿಸೋಣ. ಸುಳ್ಳು ಹೇಳಿ ಸಿಕ್ಕಿಬಿದ್ದವರು ದುಪ್ಪಟ್ಟು ಕಟ್ಟಲಿ.

ಪಾಲಿಕೆಯ ಬೊಕ್ಕಸಕ್ಕೆ ನಷ್ಟ ಎನ್ನುವವರಿದ್ದಾರೆ. ನಷ್ಟ ಆಗುವುದು ನಿಜ. ಆದರೆ ಗೃಹಜ್ಯೋತಿಯ ಶೂನ್ಯ ಬಿಲ್ ಮನೆಯ ಗೀಸರ್ ತಿನ್ನುವ ಪ್ರತಿ ಯೂನಿಟ್ಟಿನ ಹಣವನ್ನು ಇವತ್ತು ವಿದ್ಯುತ್ ಕಂಪನಿಗೆ ತುಂಬಿಕೊಡುವುದು ರಾಜ್ಯ ಸರ್ಕಾರ. ಆ ಮನೆಗೆ ಸೋಲಾರ್ ಬಂದರೆ ಉಳಿತಾಯ ಸರ್ಕಾರದ್ದು. ಅದರಲ್ಲಿ ಒಂದು ಪಾಲನ್ನು ಪಾಲಿಕೆಗೆ ಕೊಡಲಿ. ಇದು ಹೊಸ ಭಾಗ್ಯವೇನೂ ಅಲ್ಲ, ಇರುವ ಭಾಗ್ಯದ ಹೊರೆ ಇಳಿಸುವ ದಾರಿ.

2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಓನರ್‌ಗಳು ಕಂದಾಯ ಕಟ್ಟಿದ ರಸೀದಿಯ ಪ್ರತಿಯ ಜೊತೆ ಈ ಬೇಡಿಕೆಯನ್ನು ನಿಮ್ಮ ಪಾಲಿಕೆ ಕಮಿಷನರಿಗೆ ಬರೆಯಿರಿ. ಬಾಡಿಗೆಯವರು ಈ ಕರಪತ್ರವನ್ನು ಓನರ್ ಕೈಗೆ ಕೊಡಿ. ಪಾಲಿಕೆ ಚುನಾವಣೆಗೆ ವೋಟು ಕೇಳಲು ಬಂದವರನ್ನು, ಯಾವ ಪಕ್ಷದವರಾದರೂ ಸರಿ, ಮೊದಲು ಇದನ್ನು ಕೇಳಿ: ಶೇ 10 ಕೊಡಿಸುತ್ತೀರಾ, ಇಲ್ಲವಾ?